ಸೊಪ್ಪು ತಿನ್ನುವ ನೆಂಟರು

ಶಿಡ್ಲಘಟ್ಟಕ್ಕೆ ಮೂರು ಮೈಲಿ ಈಚೆ
ಅಕ್ಕಯಮ್ಮನ ಅಡುಗೆಮನೆ.
ಗ್ಯಾಸಿನ ಒಲೆಯಡಿ, ಜಿಡ್ಡುಗತ್ತಲಲ್ಲಿ
ಜಿರಲೆ ಬಚ್ಚಪ್ಪನ ಸಂಸಾರ.
ಹೆಂಡತಿ ಒಬ್ಬಳು. ಮಕ್ಕಳು?
ಎಣಿಸುವ ಪದ್ಧತಿ ಆ ಮನೆತನದಲ್ಲಿಲ್ಲ.

ಅವನ ಹೊಟ್ಟೆಯುರಿಯೆಲ್ಲ
ಪಕ್ಕದ ಕೋಣೆಗೆ ಬಂದಿಳಿದ ನೆಂಟರ ಮೇಲೆ.

"ಅವೂ ಹುಳ, ನಾವೂ ಹುಳ" ಅಂದ,
ಹುಣಸೆ ಜಾಡಿಯ ಹಿಂದೆ ಸೇರಿದ ಪಂಚಾಯ್ತಿಯಲ್ಲಿ.
"ಅವಕ್ಕೆ ಹೊತ್ತು ಹೊತ್ತಿಗೆ ಎಳೇ ಸೊಪ್ಪು,
ಅದೂ ಹೆಚ್ಚಿ ಹಾಕ್ತಾಳೆ ಮಹಾತಾಯಿ.
ನಾನು ಮುದ್ದೆ ಕೋಲು ನೆಕ್ಕಿದರೆ ಪೊರಕೆ!
ಅವಕ್ಕೆ ಜ್ವರ ಬಂದರೆ ಮನೆಯೆಲ್ಲ ಪಿಸುಮಾತು,
ಮೆಣಸಿನಕಾಯಿ ಒಗ್ಗರಣೆಯೂ ಬಂದ್.
ಒಂದಲ್ಲ, ಎರಡಲ್ಲ, ನಾಲ್ಕು ಜ್ವರ!
ಹುಟ್ಟಿದಾಗಿನಿಂದ ನಾನೊಂದು ಸೀನು ಸೀನಿಲ್ಲ,
ಯಾರಾದರೂ ಭೇಷ್ ಅಂದರಾ?"

ಇರುವೆ ಮೇಸ್ತ್ರಿ ಪಿಳ್ಳಮ್ಮ ಗಂಟಲು ಸರಿಮಾಡಿಕೊಂಡಳು.
"ಮಾತಾಡಿಸಿ ಬರೋಣ ಅಂತ ಸಾಲು ಕಟ್ಟಿ ಹೋಗಿದ್ವಿ.
(ಮಾತಾಡಿಸೋದು ಅಂದರೆ ಕಚ್ಚೋದು.)
ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು,
ಕೋಟೆಗೆ ಕಂದಕ ತೋಡಿದಂಗೆ!
ಮುಂದಿನವಳು ಈಜ್ತೀನಿ ಅಂದಳು.
ಹಿಂದಿನವರು ಅವಳ ತಿಥಿ ಮುಗಿಸಿಕೊಂಡು ಬಂದ್ವಿ."

ನುಸಿ ತಾತ ಅವರೆಕಾಳಿನ ಒಳಗಿಂದ
"ಹೂಂ" ಅಂದ. ಅಷ್ಟೇ.

ರಾತ್ರಿ ಬಚ್ಚಪ್ಪ ಗೋಡೆ ಹತ್ತಿ, ಸೂರು ಹಿಡಿದು,
ನೆಂಟರ ಕೋಣೆಗೆ ಇಳಿದ.
ಹೊರಗೆ ಮಳೆ ಬಂತೇನೋ ಅಂದುಕೊಂಡ;
ಅದು ಮೇಯುವ ಸದ್ದು.

"ಯಾವೂರಪ್ಪ?"
"ಸೊಪ್ಪು."
"ಹೆಸರು?"
"ಸೊಪ್ಪು."
"ಮುಂದೇನು ಯೋಚನೆ ಮಾಡಿದ್ದೀಯ?"
ಹುಳ ತಲೆಯೆತ್ತಿ, ಬಹಳ ಹೊತ್ತು ಹಾಗೇ ಇದ್ದು,
"ಸೊಪ್ಪು" ಅಂದಿತು.

ಆಮೇಲೆ ಅವು ಹಣ್ಣಾದವು.
ಅಕ್ಕಯಮ್ಮ ಒಂದೊಂದನ್ನೇ ಕೈಯಾರೆ ಆಯ್ದು
ಚಂದ್ರಿಕೆಯಲ್ಲಿ ಕೂರಿಸಿದಳು.
"ನೋಡ್ರೋ, ಒಬ್ಬೊಬ್ಬರಿಗೂ ಸೈಟು!"
ಬಚ್ಚಪ್ಪನ ಮೀಸೆ ನಡುಗಿತು.
ಮೂರು ದಿನದಲ್ಲಿ ಮನೆಗಳೂ ಎದ್ದವು,
ತಿಳಿ ಹಳದಿ ಗೋಡೆ, ನುಣ್ಣನೆ, ಒಂದು ಬಿರುಕಿಲ್ಲ.
"ಅರ್ಜಿ ಹಾಕೋಣ" ಅಂದಳು ಹೆಂಡತಿ.
ಬರೆಯುವವರು ಯಾರು ಅಂತ ಜಗಳವಾಗಿ
ಅರ್ಜಿ ಅಲ್ಲಿಗೇ ನಿಂತಿತು.

ಟೆಂಪೋ ಬಂತು. ಮನೆಗಳೆಲ್ಲ ಚೀಲ ಸೇರಿದವು.
ಚೀಲದ ಮೇಲೆ ಕೂತು ಟಿಕೆಟಿಲ್ಲದೆ ಹೊರಟಳು
ನೊಣ ಗಂಗಕ್ಕ, ಗೂಡಿನ ಮಾರ್ಕೆಟ್ಟು ನೋಡಲು.

ಮಾರನೇ ದಿನ ಬಂದವಳು
ತೆರೆದಿಟ್ಟ ಬೆಲ್ಲದ ಮೇಲೂ ಕೂರಲಿಲ್ಲ.
ಕೈ ಉಜ್ಜಿದಳು, ಉಜ್ಜಿದಳು, ಉಜ್ಜಿದಳು.
"ಆ ಮನೆಗಳಿಗೆ ಬಾಗಿಲೇ ಇಟ್ಟಿರಲಿಲ್ಲ ಕಣೋ ಬಚ್ಚಪ್ಪ.
ಬೋಗುಣಿ ತುಂಬ ಕುದಿನೀರು.
'ಎಳೆ ಸಿಕ್ಕಿತು' ಅಂದರು ಯಾರೋ.
ಒಳಗಿದ್ದವರ ಸುದ್ದಿ ಯಾರೂ ಎತ್ತಲಿಲ್ಲ."

ಫ್ರಿಜ್ಜು ಒಂದಿಷ್ಟು ಹೊತ್ತು ಗೊಣಗಿ ನಿಂತಿತು.
ಕಾಳಿನ ದುಂಡು ತೂತಿನಿಂದ ನುಸಿ ತಾತ
ಮೂತಿ ಹೊರಗಿಟ್ಟ.
"ಅದಕ್ಕೇ ನಾನು
ಗೃಹಪ್ರವೇಶಕ್ಕೆ ಮುಂಚೆ ಕಿಟಕಿ ಕೊರೀತೀನಿ" ಅಂದು,
ಇಷ್ಟುದ್ದ ಮಾತಾಡಿದ ಸುಸ್ತಿಗೆ
ಒಳಗೆ ಹೋಗಿ ಮಲಗಿದ.

ನಡುರಾತ್ರಿ ಲೈಟು ಹತ್ತಿತು.
ಹವಾಯಿ ಚಪ್ಪಲಿ ಬಿತ್ತು, ಎರಡು ಬೆರಳು ತಪ್ಪಿ.
ಒಲೆಯಡಿ ಏದುಸಿರು ಬಿಡುತ್ತಾ ಬಚ್ಚಪ್ಪ
ಹೆಂಡತಿಗೆ ಹೇಳಿದ,
"ನೋಡಿದೆಯೇನೇ, ನಿದ್ದೆಗೆಟ್ಟು ಎದ್ದು ಬಂದಳು,
ನನಗೊಬ್ಬನಿಗೋಸ್ಕರ."

ಆಚೆ ಕೋಣೆಯಲ್ಲಿ ಆಗಲೇ
ತಟ್ಟೆ ತೊಳೆದು, ಸುಣ್ಣ ಬಳಿದು,
ಹೊಸ ಕಾಗದ ಹಾಸಿದ್ದರು,
ಅದರ ತುಂಬ ಸಾಸಿವೆಗಿಂತ ಸಣ್ಣ ಮೊಟ್ಟೆ.

ಕಿರಿಯವನೋ ನಡುವಿನವನೋ, ಮಕ್ಕಳಲ್ಲೊಬ್ಬ ಕೇಳಿದ,
"ಅಪ್ಪಾ, ಇವರಿಗೆ ಮೊದಲೇ ಹೇಳಿಬಿಡೋಣವಾ?"

ಬಚ್ಚಪ್ಪ ಮೀಸೆ ಒರೆಸಿಕೊಂಡ.
"ಹೇಳಬಹುದು.
ಆದರೆ ಅವಕ್ಕೆ ಬರೋದು ಒಂದೇ ಮಾತು ಕಣೋ."